ಕಟಕಟೆಯವರೆಗೂ ಬರುವ ಹಿಂಬಾಲಕ

ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಒಂದು ಮಾತು ಪದೇ ಪದೇ ಬರುತ್ತದೆ: ‘...ಎಂದರೆ ಸರಿಯಲ್ಲ.’ ಪಾಟೀಸವಾಲು ಮಾಡುವವರು ಆರೋಪಿಯ ವಾದವನ್ನು ತುಂಡು ತುಂಡಾಗಿ ಸಾಕ್ಷಿಯ ಮುಂದಿಡುತ್ತಾರೆ. ಸಾಕ್ಷಿ ಒಪ್ಪಬೇಕು, ಇಲ್ಲವೇ ಅಲ್ಲಗಳೆಯಬೇಕು. ಹೊಲದ ಬದುವಿನ ಜಗಳಕ್ಕೂ ಚೆಕ್ ಬೌನ್ಸ್ ಪ್ರಕರಣಕ್ಕೂ ಇದೇ ಕ್ರಮ. ಆದರೆ ಹೆಣ್ಣುಮಗಳೊಬ್ಬಳ ಹಿಂದೆ ಬಿದ್ದು ಕಾಟ ಕೊಟ್ಟ ಆರೋಪ ಹೊತ್ತವನು ವಕೀಲರನ್ನು ಇಟ್ಟುಕೊಳ್ಳದೆ ತಾನೇ ವಾದಿಸಲು ನಿಂತನೆಂದುಕೊಳ್ಳೋಣ. ಆಗ ‘ನಾನು ಆರೋಪಿಯನ್ನು ಪ್ರೀತಿಸುತ್ತಿದ್ದೆ ಎಂದರೆ ಸರಿಯಲ್ಲ’ ಎಂಬ ಸಾಲು ಕಾಗದಕ್ಕೆ ಇಳಿಯುವ ಮೊದಲು ಆತ ಅದೇ ಪ್ರಶ್ನೆಯನ್ನು ಆಕೆಯ ಮುಖ ನೋಡಿ ಕೇಳಿರುತ್ತಾನೆ. ಬಸ್ ನಿಲ್ದಾಣದಲ್ಲಿ ಆತ ಕೇಳಿದಾಗ ಆಕೆ ಉತ್ತರಿಸದೆ ನಡೆದುಬಿಡಬಹುದಿತ್ತು. ಸಾಕ್ಷಿ ಕಟಕಟೆಯಲ್ಲಿ ಆ ದಾರಿ ಇಲ್ಲ. ಪ್ರಮಾಣ ಮಾಡಿ ನಿಂತಿರುವ ಆಕೆ ಉತ್ತರ ಕೊಡಲೇಬೇಕು.

ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಆರೋಪಿಗೆ ತನ್ನ ಆಯ್ಕೆಯ ವಕೀಲರ ಮೂಲಕ ಪ್ರತಿವಾದಿಸುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ವಕೀಲರು ಬೇಡವೆಂದರೆ ಆತನೇ ನಿಲ್ಲಬಹುದು. ತನ್ನ ವಿರುದ್ಧದ ಸಾಕ್ಷಿಯನ್ನು ಪ್ರಶ್ನಿಸುವುದೂ ಆ ಹಕ್ಕಿನ ಭಾಗ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ದೃಷ್ಟಿಯಿಂದ ನೋಡಿದರೆ ಮಾತ್ರ ಈ ಹಕ್ಕಿನ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಅಪರಾಧಕ್ಕೆ ಹೆಸರು ಸಿಕ್ಕ ಬಗೆ

2013ಕ್ಕಿಂತ ಮೊದಲು ನಮ್ಮ ದಂಡ ಸಂಹಿತೆಯಲ್ಲಿ ಹಿಂಬಾಲಿಸುವಿಕೆಗೆ ಪ್ರತ್ಯೇಕ ಕಲಂ ಇರಲಿಲ್ಲ. ಪೊಲೀಸರು ಅದನ್ನು ಚುಡಾಯಿಸುವಿಕೆ, ಮಾನಕ್ಕೆ ಕುಂದು, ಬೆದರಿಕೆ ಎಂಬ ಯಾವುದಾದರೊಂದು ಚೌಕಟ್ಟಿಗೆ ಹೊಂದಿಸಿಕೊಳ್ಳಬೇಕಿತ್ತು. 1996ರ ಜನವರಿಯಲ್ಲಿ ದೆಹಲಿಯ ಕಾನೂನು ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಆಕೆಯನ್ನು ಬಹುಕಾಲ ಹಿಂಬಾಲಿಸಿದ್ದ ವ್ಯಕ್ತಿ ಅದೇ ವಿಭಾಗದಲ್ಲಿ ಕಾನೂನು ಓದಿದ್ದವನು. ಆಕೆ ಮತ್ತೆ ಮತ್ತೆ ದೂರು ಕೊಟ್ಟಿದ್ದಳು, ಪೊಲೀಸ್ ರಕ್ಷಣೆಯನ್ನೂ ಒದಗಿಸಲಾಗಿತ್ತು. ಅಷ್ಟರ ನಡುವೆ ಆತ, ಆಕೆ ಏಕಕಾಲಕ್ಕೆ ಎರಡು ಪದವಿ ಓದುತ್ತಿದ್ದಾಳೆಂದು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಿದ್ದ. 1999ರಲ್ಲಿ ಖುಲಾಸೆಯಾದ ಆತನನ್ನು 2006ರಲ್ಲಿ ಹೈಕೋರ್ಟ್ ತಪ್ಪಿತಸ್ಥನೆಂದಿತು. 2010ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಅಂತಿಮಗೊಳಿಸಿತು. ಆ ವಿಶ್ವವಿದ್ಯಾಲಯದ ದೂರನ್ನು ಇಲ್ಲಿ ನೆನೆಯಲು ಕಾರಣವಿದೆ. ಹಿಂದೆ ಬಿದ್ದವನಿಗೆ ನಿಯಮ, ಅರ್ಜಿ, ವಿಚಾರಣೆ ಎಲ್ಲವೂ ಆಕೆಯನ್ನು ತಲುಪುವ ದಾರಿಗಳಾಗಬಲ್ಲವು ಎಂಬುದಕ್ಕೆ ಅದು ಹಳೆಯ ನಿದರ್ಶನ.

2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ ಬಂದ 2013ರ ತಿದ್ದುಪಡಿ 354-ಡಿ ಕಲಂ ಅನ್ನು ಸೇರಿಸಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮಹಿಳೆ ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸಿದರೆ, ಸಂಪರ್ಕಿಸಲು ಯತ್ನಿಸಿದರೆ, ಅಥವಾ ಆಕೆಯ ಇಂಟರ್ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಟ್ಟರೆ ಅದು ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುತ್ತದೆ. ಎರಡನೆಯ ಸಲ ತಪ್ಪಿತಸ್ಥನಾದರೆ 5 ವರ್ಷದವರೆಗೆ ಶಿಕ್ಷೆ, ಅದು ಜಾಮೀನುರಹಿತ. ಅಪರಾಧದ ತಿರುಳು ಒಂದೇ: ಬೇಡವೆಂದ ಮೇಲೂ ಬಿಡದ ಸಂಪರ್ಕ.

ಇದನ್ನು ಸಣ್ಣ ತಪ್ಪೆಂದು ತಳ್ಳಿಹಾಕುವವರಿಗೆ 2024ರ ಹುಬ್ಬಳ್ಳಿ ಸಾಕು. ಏಪ್ರಿಲ್‌ನಲ್ಲಿ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಮೇ ತಿಂಗಳಲ್ಲಿ ಇನ್ನೊಬ್ಬ ಯುವತಿಯನ್ನು ಮನೆಗೇ ನುಗ್ಗಿ ಕೊಲ್ಲಲಾಯಿತು. ಬೆದರಿಕೆಯ ಬಗ್ಗೆ ಮೊದಲೇ ತಿಳಿಸಿದ್ದರೂ ಕ್ರಮವಾಗಲಿಲ್ಲವೆಂಬ ಆರೋಪದ ಮೇಲೆ ಎರಡನೇ ಪ್ರಕರಣದಲ್ಲಿ ಪೊಲೀಸ್ ಸಿಬ್ಬಂದಿಯೂ ಅಮಾನತಾದರು.

ಮೂರು ತಾಲ್ಲೂಕು, ಅದೇ ಬಸ್ಸು

ಮೈಸೂರು ಸಂಸ್ಥಾನದ ಕಾಲದಲ್ಲಿ ಇಡೀ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಎಂಬ ಹೆಸರಿತ್ತು. ಇಂದಿಗೂ ಜಿಲ್ಲೆಯ ಬಯಲು ಭಾಗದ ಓಡಾಟ ಕಡೂರು, ಬೀರೂರುಗಳ ಸುತ್ತಲೇ ನಡೆಯುತ್ತದೆ. ಬೀರೂರು ಜಂಕ್ಷನ್‌ನಿಂದ ಒಂದು ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಕವಲೊಡೆಯುತ್ತದೆ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದ ಈರುಳ್ಳಿ ಹೊಲಗಳ ನಡುವಿನ ಹಳ್ಳಿಗಳಿಂದಾಗಲಿ, ಲಕ್ಕವಳ್ಳಿಯ ಕಡೆಯ ಅಡಿಕೆ ತೋಟಗಳಿಂದಾಗಲಿ ಕಾಲೇಜಿಗೋ ಕೆಲಸಕ್ಕೋ ಹೊರಡುವ ಹುಡುಗಿಗೆ ದಾರಿಗಳು ಕಡಿಮೆ. ಬೆಳಿಗ್ಗೆ ಒಂದು ಬಸ್ಸು ಅಥವಾ ರೈಲು, ಸಂಜೆ ಇನ್ನೊಂದು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಬಂದ ಮೇಲೆ ಟಿಕೆಟ್ಟಿನ ಖರ್ಚಿಗಾಗಿ ಓದು ಬಿಡುವ ಒತ್ತಡ ತಗ್ಗಿದೆ ಎಂಬುದು ನಿಜವಾದ ಲಾಭ. ಆದರೆ ಹೊತ್ತು ಗೊತ್ತಿರುವ ದಾರಿಯಲ್ಲಿ ಕಾಯುವವನಿಗೆ ಹುಡುಕುವ ಶ್ರಮವೇ ಇಲ್ಲ.

ಬೆಂಗಳೂರಿನಲ್ಲಿ ದೂರುದಾರಳು ಪಿ.ಜಿ. ಬದಲಿಸಬಹುದು, ಬೇರೆ ಮೆಟ್ರೊ ಹಿಡಿಯಬಹುದು. ಇಲ್ಲಿ ಆರೋಪಿ ಒಂದೇ ಊರಿನವನಾಗಿರಬಹುದು, ದೂರದ ನೆಂಟನೂ ಆಗಿರಬಹುದು. ನ್ಯಾಯಾಲಯದ ವಾಯಿದೆಯ ದಿನ ಇಬ್ಬರೂ ಅದೇ ಬಸ್ಸಿಗೆ ಬಂದು, ಅದೇ ಜಗಲಿಯಲ್ಲಿ ಹೆಸರು ಕೂಗುವವರೆಗೆ ಕಾಯಬೇಕಾಗುತ್ತದೆ. ದೂರು ಕೊಡುವುದೆಂದರೆ ಮನೆತನದ ಮಾತು ಬೀದಿಗೆ ಬಂದಂತೆ ಎಂದು ಹೆದರುವ ತಂದೆತಾಯಿಯರು ಮಗಳ ಓದನ್ನು ನಿಲ್ಲಿಸಿ ಮದುವೆಗೆ ಅವಸರಿಸುವುದನ್ನು ಈ ಭಾಗದವರು ಬಲ್ಲರು. ಪ್ರಕರಣ ದಾಖಲಾಗಿ ವಿಚಾರಣೆಯವರೆಗೆ ಬಂದಿದ್ದರೆ ಆ ಹುಡುಗಿ ಎಷ್ಟೋ ಒತ್ತಡಗಳನ್ನು ದಾಟಿಯೇ ಬಂದಿರುತ್ತಾಳೆ.

ಪ್ರಶ್ನೆಯೊಳಗಿನ ಸಂದೇಶ

ಸಾಕ್ಷ್ಯ ಶುರುವಾಗುವುದೇ ಹೆಸರು, ವಯಸ್ಸು, ಉದ್ಯೋಗ, ವಾಸದ ವಿವರಗಳಿಂದ. ಅದಕ್ಕೂ ಮೊದಲೇ ದೋಷಾರೋಪ ಪಟ್ಟಿಯ ಪ್ರತಿ ಆರೋಪಿಯ ಕೈ ಸೇರಿರುತ್ತದೆ. ಯಾವ ಆರೋಪಕ್ಕೆ ಉತ್ತರಿಸಬೇಕೆಂದು ಆತನಿಗೆ ಗೊತ್ತಿರಲೇಬೇಕಾದ್ದರಿಂದ ಅದು ನ್ಯಾಯವೇ. ಆದರೆ ಕಾಟ ತಾಳಲಾರದೆ ಚಿಕ್ಕಮ್ಮನ ಮನೆಗೆ ಹೋಗಿ ನೆಲೆಸಿದ ಹುಡುಗಿಯ ಹೊಸ ವಿಳಾಸವೂ ಬದಲಿಸಿದ ಮೊಬೈಲ್ ಸಂಖ್ಯೆಯೂ ಅದೇ ಕಾಗದಗಳಲ್ಲಿ ಇರಬಹುದು.

ಪಾಟೀಸವಾಲಿನಲ್ಲಿ ವಕೀಲರ ಮಾತು ಕಟುವಾಗಿರಬಹುದು, ಅವಮಾನಕರವೂ ಆಗಿರಬಹುದು. ಆದರೂ ಅವರು ಮೂರನೆಯವರು. ಆರೋಪಿಯೇ ಕೇಳುವಾಗ ಪ್ರಶ್ನೆಗೆ ಎರಡು ಅರ್ಥ ಬರುತ್ತದೆ. ‘ನೀವು ಈಗ ಸಂಜೆ ಆರೂವರೆಯ ಬಸ್ಸಿಗೆ ಮನೆಗೆ ಹೋಗುತ್ತೀರಿ, ಸರಿಯೇ?’ ಎಂದರೆ ನ್ಯಾಯಾಧೀಶರ ಕಿವಿಗೆ ಅದು ವಾಸ್ತವಾಂಶದ ಪ್ರಶ್ನೆ. ಆಕೆಯ ಕಿವಿಗೆ, ನಾನಿನ್ನೂ ನೋಡುತ್ತಲೇ ಇದ್ದೇನೆ ಎಂಬ ಎಚ್ಚರಿಕೆ. ಉಡುಪಿನ ಬಣ್ಣ, ಗೆಳತಿಯ ಹೆಸರು, ತಮ್ಮ ಓದುವ ಶಾಲೆ, ಇವೆಲ್ಲ ಪ್ರಶ್ನೆಯ ವೇಷದಲ್ಲಿ ಬರಬಹುದು. ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣದೆ ಹೋಗಬಹುದು, ಏಕೆಂದರೆ ಆ ಮಾತಿನ ಹಿನ್ನೆಲೆ ಗೊತ್ತಿರುವವರು ನ್ಯಾಯಾಲಯದಲ್ಲಿ ಇಬ್ಬರೇ.

ಇನ್ನು ಕಾಲಹರಣ. ‘ವಕೀಲರನ್ನು ಇಟ್ಟುಕೊಳ್ಳುತ್ತೇನೆ, ವಾಯಿದೆ ಕೊಡಿ’ ಎಂದು ಒಂದು ದಿನ, ‘ಇಲ್ಲ, ನಾನೇ ಕೇಳುತ್ತೇನೆ’ ಎಂದು ಮತ್ತೊಂದು ದಿನ. ಕೂಲಿ ಬಿಟ್ಟು ಅಥವಾ ರಜೆ ಹಾಕಿ ಬಂದ ಸಾಕ್ಷಿ ಹಾಗೆಯೇ ಮರಳುತ್ತಾಳೆ. ವಕೀಲರನ್ನು ಬದಲಿಸಿದ ಮಾತ್ರಕ್ಕೆ ಸಂತ್ರಸ್ತೆಯನ್ನು ಮತ್ತೆ ಪಾಟೀಸವಾಲಿಗೆ ಕರೆಸಲಾಗದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಅತ್ಯಾಚಾರ ಪ್ರಕರಣವೊಂದರಲ್ಲಿ ಹೇಳಿದೆ. ಆ ಕಾಳಜಿ ಇಲ್ಲಿಗೂ ಅಷ್ಟೇ ಅನ್ವಯಿಸುತ್ತದೆ.

ಆರೋಪಿಯ ಪಕ್ಷ

ಇನ್ನೊಂದು ತಕ್ಕಡಿಯಲ್ಲಿರುವುದೂ ಹಗುರವಲ್ಲ. ಆರೋಪ ಹೊತ್ತವನು ಅಪರಾಧಿಯಲ್ಲ. ಪರಸ್ಪರ ಒಪ್ಪಿ ಬೆಳೆದ ಪ್ರೀತಿ ಜಾತಿಯ ಕಾರಣಕ್ಕೆ ಮನೆಯವರಿಗೆ ಒಪ್ಪಿಗೆಯಾಗದೆ, ಅವರ ಒತ್ತಾಯದಿಂದ ಪೊಲೀಸ್ ದೂರಿನ ರೂಪ ತಾಳುವುದೂ ಉಂಟು. ಅಂಥವನಿಗೆ ಪಾಟೀಸವಾಲೇ ಕೊನೆಯ ಆಸರೆ. ಒಬ್ಬಳ ಹೇಳಿಕೆಯ ಮೇಲೆಯೇ ಸೆರೆವಾಸ ನಿಂತಿರುವಾಗ ಆ ಹೇಳಿಕೆಯನ್ನು ಒರೆಗೆ ಹಚ್ಚದೆ ತೀರ್ಪು ಕೊಡುವುದು ಯಾರಿಗೂ ಸಮ್ಮತವಾಗದು.

ತಾನೇ ವಾದಿಸುವವರೆಲ್ಲ ಹಟದಿಂದ ಹಾಗೆ ಮಾಡುವುದೂ ಇಲ್ಲ. ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಒದಗಿಸುವ ಕಡ್ಡಾಯ ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಸೆಷನ್ಸ್ ವಿಚಾರಣೆಗಷ್ಟೇ ಇತ್ತು. ಹಿಂಬಾಲಿಸುವಿಕೆಯ ಪ್ರಕರಣ ನಡೆಯುವುದು ಮ್ಯಾಜಿಸ್ಟ್ರೇಟರ ಮುಂದೆ. 1987ರ ಕಾನೂನು ಸೇವೆಗಳ ಅಧಿನಿಯಮದಡಿ ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಬಂಧನದಲ್ಲಿರುವವರು, ಪರಿಶಿಷ್ಟರು, ಕಡಿಮೆ ಆದಾಯದವರೂ ಅದಕ್ಕೆ ಅರ್ಹರು. ಜಾಮೀನಿನ ಮೇಲೆ ಹೊರಗಿರುವ, ಆದಾಯ ಮಿತಿಯನ್ನು ಸ್ವಲ್ಪವೇ ಮೀರಿದ ಯುವಕ ನಡುವೆ ಸಿಕ್ಕಿಕೊಳ್ಳಬಹುದು. ಸಣ್ಣ ಊರಿನಲ್ಲಿ ಜನರ ಸಿಟ್ಟಿಗೆ ಹೆದರಿ ವಕಾಲತ್ತು ಹಾಕಲು ಹಿಂಜರಿಯುವವರೂ ಇರಬಹುದು. ಆರೋಪಿಯ ಪರ ಯಾರೂ ನಿಲ್ಲಬಾರದೆಂಬ ವಕೀಲರ ಸಂಘಗಳ ನಿರ್ಣಯಗಳು ಕಾನೂನುಬಾಹಿರವೆಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಷ್ಟನ್ನೂ ಒಪ್ಪಿದ ಮೇಲೆ ಉಳಿಯುವುದು ಒಂದು ಸೂಕ್ಷ್ಮ ಭೇದ. ಸಾಕ್ಷಿಗೆ ಪ್ರಶ್ನೆ ಬೀಳಲೇಬೇಕು ಎಂಬುದು ಹಕ್ಕು. ಆ ಪ್ರಶ್ನೆ ಆರೋಪಿಯ ಬಾಯಿಂದಲೇ ಬರಬೇಕು ಎಂಬುದು ಕೇವಲ ರೀತಿ. ರೀತಿಯನ್ನು ಬದಲಿಸಿದರೆ ಹಕ್ಕು ಅಳಿಯುವುದಿಲ್ಲ ಎಂಬುದು ಈ ಲೇಖಕನ ನಿಲುವು.

ಹದಿನೆಂಟರ ಗೆರೆ

ಈ ಭೇದವನ್ನು ನಮ್ಮ ಕಾನೂನು ಈಗಾಗಲೇ ಒಪ್ಪಿಕೊಂಡಿದೆ, ಆದರೆ ಮಕ್ಕಳಿಗೆ ಮಾತ್ರ. 2012ರ ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಉದ್ದೇಶದಿಂದ ಮಗುವನ್ನು ಮತ್ತೆ ಮತ್ತೆ ಹಿಂಬಾಲಿಸುವುದೂ ಅಪರಾಧ. ಅಲ್ಲಿ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರೇ ಮಗುವನ್ನು ಕೇಳುತ್ತಾರೆ. ಮಗುವಿನ ಕಣ್ಣಿಗೆ ಆರೋಪಿ ಬೀಳದಂತೆ ನೋಡಿಕೊಳ್ಳಬೇಕು. ಹೀಗೆ, ದ್ವಿತೀಯ ಪಿಯುಸಿಯಲ್ಲಿರುವ 17ರ ಹುಡುಗಿಗೆ ಪರದೆಯ ಮರೆ ಇದೆ. ಪದವಿಯ ಮೊದಲ ವರ್ಷಕ್ಕೆ ಸೇರಿದ 18ರ ಹುಡುಗಿಗೆ, ಅದೇ ಬಸ್ಸಿನಲ್ಲಿ ಅದೇ ವ್ಯಕ್ತಿಯ ಕಾಟವಾದರೂ, ಅದು ಹಕ್ಕಾಗಿ ಸಿಗದು.

ವಯಸ್ಕರಿಗಿರುವ ರಕ್ಷಣೆ ತೇಪೆ ತೇಪೆಯಾಗಿದೆ. ಸಂತ್ರಸ್ತೆಯ ಚಾರಿತ್ರ್ಯದ ಸಾಕ್ಷ್ಯ ಸಮ್ಮತಿಯ ವಿಷಯಕ್ಕೆ ಅಪ್ರಸ್ತುತ ಎಂಬ 2013ರ ನಿಯಮದಲ್ಲಿ ಹಿಂಬಾಲಿಸುವಿಕೆ ಸೇರಿದೆ. ಆದರೆ ಪಾಟೀಸವಾಲಿನಲ್ಲಿ ಅಂಥ ಪ್ರಶ್ನೆಯನ್ನೇ ಕೇಳಬಾರದೆಂಬ ನಿಷೇಧ ಅತ್ಯಾಚಾರದ ಕಲಂಗಳಿಗಷ್ಟೇ ಸೀಮಿತ. ಕಡ್ಡಾಯವಾದ ಗೋಪ್ಯ ವಿಚಾರಣೆಯೂ ಹಾಗೆಯೇ. 2004ರಲ್ಲಿ ಸುಪ್ರೀಂ ಕೋರ್ಟ್, ಪರದೆ ಇಡಬೇಕು, ಪ್ರಶ್ನೆಗಳನ್ನು ಬರೆದುಕೊಡಬೇಕು, ನ್ಯಾಯಾಧೀಶರು ಅವನ್ನು ಮುಜುಗರವಾಗದ ಮಾತಿನಲ್ಲಿ ಕೇಳಬೇಕು ಎಂದದ್ದು ಅತ್ಯಾಚಾರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಕುರಿತು. 2018ರಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಕಾನೂನಿನ ಬಲ ಬಂತು. 2022ರಲ್ಲಿ ‘ದುರ್ಬಲ ಸಾಕ್ಷಿ’ ಎಂಬುದರ ವ್ಯಾಖ್ಯೆ ಹಿಗ್ಗಿ, ಬೆದರಿಕೆಯ ನೆರಳಿನಲ್ಲಿರುವವರೂ ನ್ಯಾಯಾಲಯ ಹಾಗೆಂದು ಭಾವಿಸುವ ಇತರರೂ ಅದರಲ್ಲಿ ಸೇರಿದರು. ಬಾಗಿಲು ತೆರೆದಿದೆ ನಿಜ. ಆದರೆ ಅದನ್ನು ಪ್ರತಿ ಸಲವೂ ಯಾರಾದರೂ ತಟ್ಟಬೇಕು.

ಬೇರೆಡೆ ಕಂಡುಕೊಂಡ ದಾರಿ

1996ರಲ್ಲಿ ಲಂಡನ್‌ನಲ್ಲಿ ಅತ್ಯಾಚಾರದ ಆರೋಪಿಯೊಬ್ಬ ತಾನೇ ವಾದಿಸಿ, ಸಂತ್ರಸ್ತೆಯನ್ನು ಆರು ದಿನ ಪ್ರಶ್ನಿಸಿದ. ಆ ಮಹಿಳೆ ತನ್ನ ಹೆಸರನ್ನು ಮರೆಮಾಚದೆ ಹೊರಬಂದು ಮಾತಾಡಿದಳು. ಅಲ್ಲಿನ 1999ರ ಕಾನೂನು ಲೈಂಗಿಕ ಅಪರಾಧಗಳಲ್ಲಿ ಆರೋಪಿ ಖುದ್ದಾಗಿ ಪಾಟೀಸವಾಲು ಮಾಡುವುದನ್ನು ನಿಷೇಧಿಸಿತು. ಇತರ ಪ್ರಕರಣಗಳಲ್ಲಿ ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಆರೋಪಿ ವಕೀಲರನ್ನು ನೇಮಿಸದಿದ್ದರೆ ಆ ಕೆಲಸಕ್ಕೆ ನ್ಯಾಯಾಲಯವೇ ಒಬ್ಬರನ್ನು ನೇಮಿಸುತ್ತದೆ. ಕೆನಡಾದ ದಂಡ ಸಂಹಿತೆ ಹಿಂಬಾಲಿಸಿ ಕಿರುಕುಳ ಕೊಡುವ ಅಪರಾಧವನ್ನೂ ಇಂಥದ್ದೇ ನಿಷೇಧದಲ್ಲಿ ಸೇರಿಸಿದೆ. ಸಂತ್ರಸ್ತೆ ಕೋರಿದರೆ, ನ್ಯಾಯದ ಹಿತಕ್ಕೆ ಬೇರೆ ರೀತಿ ಅಗತ್ಯವೆನಿಸದ ಹೊರತು, ಆರೋಪಿ ತಾನೇ ಪ್ರಶ್ನಿಸುವಂತಿಲ್ಲ. ಹಿಂಬಾಲಿಸುವಿಕೆಯನ್ನು ಹೆಸರಿಸಿ ಸೇರಿಸಿದ ಕೆನಡಾದ ಮಾದರಿಯೇ ನಮಗೆ ಹೆಚ್ಚು ಹತ್ತಿರವೆನಿಸುತ್ತದೆ.

ಮುಂದಿನ ವಾಯಿದೆಗೆ ಮುನ್ನ

ಸಂಸತ್ತು ತಿದ್ದುಪಡಿ ತರುವವರೆಗೆ ಕಾಯಬೇಕಾಗಿಲ್ಲ. ಆರೋಪಿ ತಾನೇ ವಾದಿಸುತ್ತೇನೆಂದ ದಿನವೇ ನ್ಯಾಯಾಲಯ ಉಚಿತ ಕಾನೂನು ನೆರವಿನ ಬಗ್ಗೆ ತಿಳಿಸಿ ಅವನ ಉತ್ತರವನ್ನು ದಾಖಲಿಸಬಹುದು. ಅವನು ಬೇಡವೆಂದರೂ ಪಾಟೀಸವಾಲಿನಷ್ಟಕ್ಕೆ ನ್ಯಾಯಾಲಯಕ್ಕೆ ನೆರವಾಗುವ ಅಮಿಕಸ್ ಕ್ಯೂರಿ ಆಗಿ ಒಬ್ಬ ಅನುಭವಿ ವಕೀಲರನ್ನು ನೇಮಿಸಿ, ಅವನ ಪ್ರಶ್ನೆಗಳನ್ನು ಅವರ ಮೂಲಕ ಕೇಳಿಸಬಹುದು. ಅಸಭ್ಯ ಪ್ರಶ್ನೆಯನ್ನು ತಡೆಯುವ, ಅವಮಾನಿಸಲೆಂದೇ ಕೇಳಿದ ಪ್ರಶ್ನೆಯನ್ನು ನಿಷೇಧಿಸುವ ಅಧಿಕಾರ 1872ರ ಸಾಕ್ಷ್ಯ ಅಧಿನಿಯಮದಲ್ಲೇ ಇತ್ತು, ಹೊಸ ಅಧಿನಿಯಮದಲ್ಲೂ ಉಳಿದಿದೆ. ವಿದ್ಯುನ್ಮಾನ ವಿಧಾನದಲ್ಲಿ ಸಾಕ್ಷ್ಯ ಪಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿರುವುದರಿಂದ ಆಕೆ ಬೇರೊಂದು ಕೊಠಡಿಯಲ್ಲಿ ಕುಳಿತು ಉತ್ತರಿಸಬಹುದು. ಉತ್ತರಿಸುವಾಗ ಆಕೆಯ ಮುಖಭಾವ ನ್ಯಾಯಾಧೀಶರಿಗೂ ವಕೀಲರಿಗೂ ಕಾಣುತ್ತಿರುತ್ತದೆ.

ಇವಕ್ಕೆಲ್ಲ ಯಾರಾದರೂ ಅರ್ಜಿ ಹಾಕಬೇಕು. ಅಭಿಯೋಜಕರ ಮೇಜಿನ ಮೇಲೆ ಕಡತಗಳ ರಾಶಿ ಇರುತ್ತದೆ. ಇಂಥ ಅರ್ಜಿ ಹಾಕಬಹುದೆಂಬುದೇ ದೂರುದಾರಳಿಗೆ ತಿಳಿದಿರುವುದಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿ ಕೊಡುವಾಗಲೇ ಠಾಣೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸವನ್ನೂ ಆಕೆಯ ಕೈಗೆ ಕೊಡಬಹುದು. ಸಮನ್ಸ್ ತಲುಪಿಸುವ ಕಾನ್‌ಸ್ಟೆಬಲ್, ಅಂದು ಕಟಕಟೆಯಲ್ಲಿ ಯಾರು ಪ್ರಶ್ನೆ ಕೇಳಲಿದ್ದಾರೆ ಎಂಬುದನ್ನು ಮೊದಲೇ ತಿಳಿಸಬಹುದು.