ಪರದೆಯ ಮೇಲೆ ವಚನದ ಸಾಲು ಕದಲದಿರಲಿ

ಮಠಗಳ ಶಿವಾನುಭವ ಗೋಷ್ಠಿಗಳಲ್ಲಿ, ಬಸವ ಜಯಂತಿಯ ಸಮಾರಂಭಗಳಲ್ಲಿ, ಅಕ್ಕನ ಬಳಗದ ಸಭೆಗಳಲ್ಲಿ ವಚನಗಳನ್ನು ಪರದೆಯ ಮೇಲೆ ಮೂಡಿಸಿ ಸಾಮೂಹಿಕವಾಗಿ ಪಠಿಸುವ ಪದ್ಧತಿ ಹಲವೆಡೆ ರೂಢಿಗೆ ಬಂದಿದೆ. ಪುಸ್ತಕ ತಾರದವರೂ ಕಣ್ಣು ಮಂಜಾದ ಹಿರಿಯರೂ ದೊಡ್ಡ ಅಕ್ಷರಗಳನ್ನು ನೋಡಿ ದನಿಗೂಡಿಸಬಹುದಾದುದರಿಂದ ಇದು ಸ್ವಾಗತಾರ್ಹವೇ ಸರಿ. ಆದರೆ ಮನೆಯ ಗಣಕಯಂತ್ರದಲ್ಲಿ ಅಂದವಾಗಿ ಕಂಡ ಸ್ಲೈಡು ಸಭಾಭವನದ ಗಣಕಯಂತ್ರದಲ್ಲಿ ತೆರೆದಾಗ ಬೇರೆಯೇ ರೂಪ ತಾಳುವುದುಂಟು. ಸಾಲುಗಳು ಎಲ್ಲೆಂದರಲ್ಲಿ ಮುರಿಯುತ್ತವೆ. ಕೊನೆಯ ಸಾಲು ಪರದೆಯ ಅಂಚಿನಿಂದಾಚೆ ಜಾರುತ್ತದೆ. ಕೆಲವೊಮ್ಮೆ ಕನ್ನಡವೇ ಮಾಯವಾಗಿ ಚುಕ್ಕೆ, ಗೆರೆಗಳನ್ನು ಹೊತ್ತ ರೋಮನ್ ಅಕ್ಷರಗಳ ಗೋಜಲು ಎದುರಾಗುತ್ತದೆ.

ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ತಾಳೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲದೆ ಒಂದೇ ಸಮನೆ ಬರೆಯುವುದು ರೂಢಿಯಾಗಿತ್ತು. ಅಂಥ ಗರಿಗಳನ್ನು ಊರೂರು ಅಲೆದು ಸಂಗ್ರಹಿಸಿ, ಪರಿಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರ ಶ್ರಮವನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅನಂತರದ ಸಂಪಾದಕರೂ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದನ್ನು ತೂಗಿ ನೋಡಿ ಸಾಲುಗಳನ್ನು ಬಿಡಿಸಿದ್ದಾರೆ. ಮುನ್ನೂರು ಜನ ಒಟ್ಟಾಗಿ ಓದುವಾಗ ಉಸಿರು ನಿಲ್ಲುವುದು ಪರದೆಯಲ್ಲಿ ಸಾಲು ಮುಗಿದಲ್ಲಿಯೇ. ‘ಕೂಡಲಸಂಗಮದೇವ’ ಎಂಬ ಅಂಕಿತ ಎರಡು ತುಂಡಾಗಿ ಬಿದ್ದರೆ, ಅಥವಾ ಪರದೆಯಿಂದ ಹೊರಗೇ ಉಳಿದರೆ, ವಚನ ಯಾರದೆಂಬ ಗುರುತೇ ಹೋಯಿತು. ಒತ್ತಕ್ಷರ ಕಳಚಿಬಿದ್ದ ಪದವನ್ನು ಮಕ್ಕಳು ಕಂಡಂತೆಯೇ ಓದಿ ಅದನ್ನೇ ಬಾಯಿಪಾಠ ಮಾಡಿಯಾರು.

ಮುಖ್ಯ ಕಾರಣ ಅಕ್ಷರ ವಿನ್ಯಾಸ, ಅಂದರೆ ಫಾಂಟು. ಸ್ಲೈಡಿನ ಕಡತದಲ್ಲಿ ಸಾಮಾನ್ಯವಾಗಿ ಇರುವುದು ಪಠ್ಯ ಮತ್ತು ಫಾಂಟಿನ ಹೆಸರು ಮಾತ್ರ. ಅಕ್ಷರಗಳ ಆಕಾರವಿರುವುದು ಆಯಾ ಗಣಕಯಂತ್ರದಲ್ಲಿ. ಆ ಹೆಸರಿನ ಫಾಂಟು ಅಲ್ಲಿ ಇಲ್ಲದಿದ್ದರೆ ಯಂತ್ರವು ಕೈಗೆ ಸಿಕ್ಕ ಮತ್ತೊಂದನ್ನು ತೊಡಿಸುತ್ತದೆ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂಡಿಸಿದಂಥವು. ಕನ್ನಡಕ್ಕೆ ಬೇರೆ ದಾರಿ ಸುಲಭವಾಗಿರದಿದ್ದ ಕಾಲದಲ್ಲಿ ಅವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಫಾಂಟಿಲ್ಲದ ಯಂತ್ರಕ್ಕೆ ಅಲ್ಲಿರುವುದು ಕನ್ನಡವೆಂದು ತಿಳಿಯುವ ಬಗೆಯೇ ಇಲ್ಲ.

1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ ಸ್ಥಾನಗಳು ದೊರೆತವು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ ವಚನವು ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುತ್ತದೆ. ಆದುದರಿಂದ ಸಂಘಗಳಲ್ಲಿ, ಮನೆಗಳಲ್ಲಿ ಕೂಡಿಟ್ಟ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರುವುದೇ ಮೊದಲ ಕೆಲಸ. ಪರಿವರ್ತಿಸಿದ ಮೇಲೆ ಮುದ್ರಿತ ಗ್ರಂಥವನ್ನು ಎದುರಿಟ್ಟುಕೊಂಡು ಒಮ್ಮೆ ಓದಬೇಕು. ಅರ್ಕಾವತ್ತು, ಒತ್ತಕ್ಷರಗಳ ಕಡೆ ವಿಶೇಷ ಗಮನವಿರಲಿ. ಮನೆಯ ಹಿರಿಯರಿಗೆ ಈ ಕೆಲಸ ವಹಿಸಿದರೆ ಸಂತೋಷದಿಂದ ಮಾಡುತ್ತಾರೆ, ಯಂತ್ರ ತಿಳಿದ ಮೊಮ್ಮಕ್ಕಳಿಗಿಂತ ಚೆನ್ನಾಗಿಯೂ ಮಾಡುತ್ತಾರೆ.

ಆದರೂ ಸಾಲುಗಳ ಅಳತೆ ಬದಲಾಗುವ ತೊಂದರೆ ಉಳಿದೇ ಇರುತ್ತದೆ. ಒಂದೇ ಗಾತ್ರವೆಂದು ನಮೂದಿಸಿದರೂ ಒಂದು ಫಾಂಟಿನ ಅಕ್ಷರ ಅಗಲ, ಇನ್ನೊಂದರದು ಕಿರಿದು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಬಂದ ‘ತುಂಗಾ’ ಬಹುಕಾಲ ಎಲ್ಲರ ಯಂತ್ರದಲ್ಲಿಯೂ ಇತ್ತು. 2012ರ ವಿಂಡೋಸ್ 8ರೊಡನೆ ‘ನಿರ್ಮಲಾ’ ಬಂತು; ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಸೇರಿಸಿಕೊಳ್ಳುವ ಐಚ್ಛಿಕ ಫಾಂಟಾಯಿತು. ಹೀಗಾಗಿ ಹಳೆಯ ಯಂತ್ರದಲ್ಲಿ ತುಂಗಾ ಬಳಸಿ ಸಿದ್ಧಪಡಿಸಿದ್ದು ಹೊಸ ಯಂತ್ರದಲ್ಲಿ ಅದೇ ಅಳತೆಯಲ್ಲಿ ನಿಲ್ಲುವ ಭರವಸೆಯಿಲ್ಲ.

ಇದಕ್ಕೆ ಪವರ್‌ಪಾಯಿಂಟಿನಲ್ಲಿಯೇ ಒಂದು ಉಪಾಯವಿದೆ. ‘ಫೈಲ್’, ಅದರೊಳಗೆ ‘ಆಪ್ಷನ್ಸ್’, ಅದರೊಳಗೆ ‘ಸೇವ್’ ಎಂಬಲ್ಲಿಗೆ ಹೋದರೆ ಫಾಂಟನ್ನು ಕಡತದೊಳಗೇ ಅಡಕಮಾಡುವ ಸೌಲಭ್ಯ ದೊರೆಯುತ್ತದೆ. ಬಳಸಿದ ಅಕ್ಷರಗಳನ್ನಷ್ಟೇ ಸೇರಿಸುವುದು, ಎಲ್ಲವನ್ನೂ ಸೇರಿಸುವುದು ಎಂದು ಎರಡು ಬಗೆ. ಸಭೆಯ ಸ್ಥಳದಲ್ಲಿ ತಿದ್ದುಪಡಿ ಬರುವ ಸಂಭವವಿದ್ದರೆ ಎರಡನೆಯದೇ ಲೇಸು; ಕಡತ ತುಸು ದೊಡ್ಡದಾಗುತ್ತದೆ, ಆಗಲಿ. ಕೆಲವು ಫಾಂಟುಗಳ ಪರವಾನಗಿ ಹೀಗೆ ಅಡಕಮಾಡಲು ಒಪ್ಪುವುದಿಲ್ಲ. ‘ನೋಟೋ ಸಾನ್ಸ್ ಕನ್ನಡ’ದಂಥ ಮುಕ್ತ ಫಾಂಟುಗಳಿಗೆ ಆ ಅಡ್ಡಿಯಿಲ್ಲ, ಫಾಂಟಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಸಭಾಭವನದವರ ಅನುಮತಿ ಪಡೆದು ಅವರ ಯಂತ್ರದಲ್ಲಿ ಸ್ಥಾಪಿಸಲೂಬಹುದು. ಮೊಬೈಲಿನಲ್ಲಿ ಅಥವಾ ಬೇರೆ ತಯಾರಕರ ತಂತ್ರಾಂಶದಲ್ಲಿ ತೆರೆದಾಗ ಅಡಕವಾದ ಫಾಂಟಿಗೆ ಮನ್ನಣೆ ಸಿಗದೆ ಹೋಗಬಹುದು.

ಸಾಲುಗಳನ್ನು ಚೌಕಟ್ಟಿನ ಅಗಲಕ್ಕೆ ಒಪ್ಪಿಸಿ ತಾವಾಗಿ ಮುರಿಯಲು ಬಿಡಬಾರದು. ಗ್ರಂಥದಲ್ಲಿರುವಂತೆ ಪ್ರತಿ ಸಾಲನ್ನೂ ಕೈಯಾರೆ ಮುಗಿಸಿ, ಅತಿ ಉದ್ದದ ಸಾಲಿನ ಬಲಕ್ಕೂ ಸಾಕಷ್ಟು ಜಾಗ ಬಿಟ್ಟರೆ ಫಾಂಟು ಬದಲಾದರೂ ಸಾಲು ಕದಲದು. ಕೆಳಗೂ ಹೀಗೆಯೇ ತೆರಪು ಬೇಕು. ನಮ್ಮ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ತಗಲುತ್ತದೆ. ದೀರ್ಘ ವಚನವನ್ನು ಅಕ್ಷರ ಕಿರಿದುಗೊಳಿಸಿ ಒಂದೇ ಸ್ಲೈಡಿನಲ್ಲಿ ತುರುಕುವ ಬದಲು ಎರಡಕ್ಕೆ ಹಂಚುವುದು ಒಳಿತು. ಹಿನ್ನೆಲೆಗೆ ಸಂಗಮದ ಚಿತ್ರ, ಅದರ ಮೇಲೆ ಐದು ಬಣ್ಣದ ಅಕ್ಷರ ಹಾಕುವ ಉತ್ಸಾಹಿಗಳೂ ಇದ್ದಾರೆ. ಹಿಂದಿನ ಸಾಲಿನ ಹಿರಿಯರನ್ನು ಅವರು ಒಮ್ಮೆ ಕೇಳಿ ನೋಡಬೇಕು.

ಸ್ಲೈಡಿನ ಆಕಾರವೂ ಗಮನಿಸತಕ್ಕ ವಿಷಯ. ಮೊದಲು 4:3ರ ಪ್ರಮಾಣ ವಾಡಿಕೆಯಲ್ಲಿತ್ತು. ಪವರ್‌ಪಾಯಿಂಟ್ 2013ರಿಂದ 16:9 ಮೂಲ ಅಳತೆಯಾಯಿತು. ಸಭಾಭವನದ ಪ್ರೊಜೆಕ್ಟರಿನ ಪ್ರಮಾಣವನ್ನು ಮೊದಲೇ ವಿಚಾರಿಸಿ ಆರಂಭದಲ್ಲಿಯೇ ಆ ಅಳತೆ ಆರಿಸಬೇಕು. ಎಲ್ಲ ಮುಗಿದ ಮೇಲೆ ಅಳತೆ ಬದಲಿಸಿದರೆ ಸಾಲುಗಳು ಸ್ಥಳಾಂತರವಾಗುತ್ತವೆ. ಹಳೆಯ ಆವೃತ್ತಿಗಳಲ್ಲಾದರೆ ಪೂಜ್ಯರ ಭಾವಚಿತ್ರವೇ ಅಡ್ಡಕ್ಕೆ ಹಿಗ್ಗಿ ವಿಕಾರವಾಗುತ್ತದೆ. ಪ್ರಮಾಣ ಹೊಂದದಿದ್ದಾಗ ಪರದೆಯ ಬದಿಗಳಲ್ಲಿ ಕಾಣುವ ಕಪ್ಪು ಪಟ್ಟಿಗಿಂತ ಇದು ಹೆಚ್ಚಿನ ಲೋಪ.

ಇಷ್ಟೆಲ್ಲ ಮಾಡಿದರೂ ಅದೇ ಸ್ಲೈಡುಗಳ ಪಿಡಿಎಫ್ ಪ್ರತಿಯೊಂದನ್ನು ಜೊತೆಗೆ ಒಯ್ಯುವುದು ಜಾಣತನ. ಅದರಲ್ಲಿ ಅಕ್ಷರಗಳ ಆಕಾರವೂ ಸ್ಥಾನವೂ ಸ್ಥಿರವಾಗಿರುತ್ತವೆ; ಪೂರ್ಣ ಪರದೆಯಲ್ಲಿ ತೆರೆದು ಪುಟ ಮಗುಚಿದರೆ ಸಾಮೂಹಿಕ ಪಠಣಕ್ಕೆ ಮತ್ತೇನೂ ಬೇಡ. ಚಲಿಸುವ ಚಿತ್ರ, ಧ್ವನಿಗಳು ಮಾತ್ರ ಅದರಲ್ಲಿ ಉಳಿಯುವುದಿಲ್ಲವಾದುದರಿಂದ ವಚನ ಗಾಯನದ ಧ್ವನಿಮುದ್ರಿಕೆಯನ್ನು ಅದೇ ಪೆನ್‌ಡ್ರೈವಿನಲ್ಲಿ ಬೇರೆ ಕಡತವಾಗಿ ಇಟ್ಟುಕೊಳ್ಳಬೇಕು. ಪಠಣ ನಡೆಸಿಕೊಡುವ ತಾಯಂದಿರ ಕೈಯಲ್ಲಿ ಒಂದು ಮುದ್ರಿತ ಪ್ರತಿಯೂ ಇದ್ದರೆ ವಿದ್ಯುತ್ತು ಹೋದರೂ ವಚನ ನಡುವೆ ನಿಲ್ಲುವುದಿಲ್ಲ.