ಎದುರುಗಾಳಿಯ ಲೆಕ್ಕ

ನ್ಯೂಯಾರ್ಕಿನಿಂದ ಲಂಡನ್ನಿಗೆ ಆಕಾಶದ ದಾರಿ ಸುಮಾರು 5,550 ಕಿ.ಮೀ. ವಾಪಸು ಬರುವಾಗಲೂ ಅಷ್ಟೇ. ಆದರೆ ಲಂಡನ್ನಿಗೆ ಹೋಗಲು ಆರೂವರೆ, ಏಳು ಗಂಟೆ ಸಾಕು. ಮರಳಲು ಎಂಟು ಗಂಟೆಯ ಹತ್ತಿರ ಬೇಕು. 2020ರ ಫೆಬ್ರವರಿಯ ಒಂದು ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್ ಬಿಟ್ಟು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಶಬ್ದದ ವೇಗವನ್ನೂ ಮೀರಿತೇ? ಇಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಸಾಗುತ್ತಿತ್ತು. ಆ ಗಾಳಿಯೇ ಪೂರ್ವಕ್ಕೆ ನುಗ್ಗುತ್ತಿತ್ತು. ವಿಮಾನವೆಂದರೆ ಹರಿಯುವ ಹೊಳೆಯಲ್ಲಿ ಹುಟ್ಟು ಹಾಕುವ ಅಂಬಿಗ; ಅವನ ತೋಳಬಲದ ಜೊತೆಗೆ ಹೊಳೆಯ ಸೆಳವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭೂಮಿ ತಿರುಗುವುದರಿಂದ ಗುರಿಯೇ ಸರಿದು ಹತ್ತಿರವೋ ದೂರವೋ ಆಗುತ್ತದೆ ಎಂದು ಓದಿದವರೂ ವಾದಿಸುವುದುಂಟು. ವಾತಾವರಣವೂ ಭೂಮಿಯ ಜೊತೆಗೇ ತಿರುಗುವುದರಿಂದ ಆ ವಾದ ನಿಲ್ಲುವುದಿಲ್ಲ. ಭೂಮಿಯ ತಿರುಗಾಟದ ಕೈವಾಡ ಇರುವುದು ಬೇರೆ ಕಡೆ: ಉಷ್ಣವಲಯದಿಂದ ಧ್ರುವದತ್ತ ಹೊರಟ ಗಾಳಿಯನ್ನು ಅದು ಪೂರ್ವಕ್ಕೆ ತಿರುಗಿಸುತ್ತದೆ. ಬಿಸಿ ಮತ್ತು ತಣ್ಣನೆಯ ಗಾಳಿ ಸಂಧಿಸುವ ಗಡಿಯಲ್ಲಿ, ಹತ್ತು ಕಿ.ಮೀ. ಎತ್ತರದ ಆಸುಪಾಸು, ಜೆಟ್ ಸ್ಟ್ರೀಮ್ ಎಂಬ ಕಿರಿದಾದ ಬಿರುಪ್ರವಾಹ ಹುಟ್ಟುತ್ತದೆ. ಪ್ರಯಾಣಿಕ ವಿಮಾನಗಳು ಹಾರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ.

ಜಪಾನಿನ ಹವಾಮಾನ ವಿಜ್ಞಾನಿ ಓಯಿಶಿ ವಸಬುರೊ 1920ರ ದಶಕದಲ್ಲೇ ಬಲೂನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತೆಲ್ಲ ಓದಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಓದುವವರೇ ಸಿಗಲಿಲ್ಲ, ಪಾಪ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರುಗಳಿಗೆ ಅದೇ ಗಾಳಿ ಎದುರಾಯಿತು.

ಇಂದು ಕೆನಡಾದ ಗ್ಯಾಂಡರ್ ಮತ್ತು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಕುಳಿತವರು ಅಟ್ಲಾಂಟಿಕ್ ಮೇಲಿನ ವಿಮಾನಮಾರ್ಗಗಳನ್ನು ಪ್ರತಿದಿನ ಹೊಸದಾಗಿ ಗುರುತಿಸುತ್ತಾರೆ. ಪೂರ್ವಕ್ಕೆ ಹೋಗುವವರಿಗೆ ಸೆಳವಿನೊಳಗೆ ದಾರಿ, ಪಶ್ಚಿಮಕ್ಕೆ ಹೋಗುವವರಿಗೆ ಅದನ್ನು ತಪ್ಪಿಸಿ ಬಳಸಿಕೊಂಡು ಹೋಗುವ ದಾರಿ. ಬಳಸುದಾರಿ ಎಷ್ಟೋ ಸಲ ಬೇಗ ಮುಟ್ಟಿಸುತ್ತದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಯಿಂದ ಹೊರಟಿತು. ದಾರಿ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದವಾಗಿ ಸುಮಾರು 15,300 ಕಿ.ಮೀ. ಆಯಿತು, ಆದರೂ ಬೆನ್ನಹಿಂದಿನ ಗಾಳಿಯಿಂದಾಗಿ ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಬೇಗನೆ, ಊರು ಮುಟ್ಟಿತು.

ಹೋಗುವಾಗ ಗಳಿಸಿದ ಸಮಯ ಬರುವಾಗ ಕಳೆದು ಲೆಕ್ಕ ಸರಿಹೋಗುತ್ತದಲ್ಲ ಎನಿಸಬಹುದು. ಹಾಗಾಗುವುದಿಲ್ಲ. ವಿಮಾನದ ವೇಗ 900, ಗಾಳಿಯದು 150 ಎಂದು ಹಿಡಿಯಿರಿ. ಗಾಳಿಯ ಜೊತೆ 1,050ರ ವೇಗದಲ್ಲಿ 5,550 ಕಿ.ಮೀ. ಸಾಗಲು 5 ಗಂಟೆ 17 ನಿಮಿಷ. ಗಾಳಿಗೆದುರಾಗಿ 750ರ ವೇಗದಲ್ಲಿ 7 ಗಂಟೆ 24 ನಿಮಿಷ. ಒಟ್ಟು 12 ಗಂಟೆ 41 ನಿಮಿಷ. ಗಾಳಿಯೇ ಇಲ್ಲದಿದ್ದರೆ 12 ಗಂಟೆ 20 ನಿಮಿಷ ಸಾಕಿತ್ತು. ಅನುಕೂಲದ ಗಾಳಿಯಲ್ಲಿ ವಿಮಾನ ಇರುವ ಹೊತ್ತು ಕಡಿಮೆ, ಎದುರುಗಾಳಿಯಲ್ಲಿ ಇರುವ ಹೊತ್ತು ಹೆಚ್ಚು. ಗಾಳಿ ಜೋರಾದಷ್ಟೂ ಈ ನಷ್ಟ ಬೆಳೆಯುತ್ತದೆ, ಇಂಧನದ ಬಿಲ್ಲೂ ಬೆಳೆಯುತ್ತದೆ.