ಕೊಲಿಮಾ ದಡದಲ್ಲಿ ಕರಗುತ್ತಿರುವ ಹಿಮಯುಗ

ಸೈಬೀರಿಯಾದ ಈಶಾನ್ಯ ಮೂಲೆ. ಆರ್ಕ್ಟಿಕ್ ಸಾಗರದತ್ತ ಹರಿಯುವ ಕೊಲಿಮಾ ನದಿ ಇಲ್ಲಿ ಕಡಿದಾದ ದಡವೊಂದನ್ನು ಕೊರೆಯುತ್ತಿದೆ. ಹೆಸರು ದುವಾನ್ನಿ ಯಾರ್. ಹತ್ತಾರು ಮೀಟರ್ ಎತ್ತರದ ಆ ದಡವನ್ನು ಹಿಡಿದು ನಿಲ್ಲಿಸಿರುವುದು ಬಂಡೆಯಲ್ಲ, ಮಂಜುಗಡ್ಡೆ! ಬೂದು ಮಣ್ಣಿನ ನಡುವೆ ದೈತ್ಯ ಮಂಜಿನ ಬೆಣೆಗಳು, ಅಲ್ಲಲ್ಲಿ ಮ್ಯಾಮತ್ ಮೂಳೆ, ಮಣ್ಣಿನ ತುಂಬ ಎಳೆ ಎಳೆಯಾದ ಬೇರು. ಹಿಮಯುಗದ ಹುಲ್ಲಿನ ಬೇರು ಅದು! ಕೊಳೆಯುವ ಮೊದಲೇ ಹೆಪ್ಪುಗಟ್ಟಿತು, ಹಾಗೇ ಉಳಿಯಿತು.

ಎಷ್ಟು ಚೆನ್ನಾಗಿ ಉಳಿದಿದೆ ಗೊತ್ತೇ? ಇದೇ ದಡದಲ್ಲಿ, ನೆಲದಿಂದ 38 ಮೀಟರ್ ಆಳದ ಬಿಲದಲ್ಲಿ ಅಳಿಲುಗಳು ಕೂಡಿಟ್ಟಿದ್ದ ಕಾಯಿಗಳು ಸಿಕ್ಕವು. ವಯಸ್ಸು ಸುಮಾರು 32,000 ವರ್ಷ. ಅವುಗಳ ಅಂಗಾಂಶದಿಂದ ರಷ್ಯಾದ ವಿಜ್ಞಾನಿಗಳು ಗಿಡವನ್ನೇ ಬೆಳೆಸಿ 2012ರಲ್ಲಿ ಜಗತ್ತಿಗೆ ತಿಳಿಸಿದರು. ಗಿಡ ಬಿಳಿ ಹೂ ಬಿಟ್ಟಿತು, ಬೀಜವನ್ನೂ ಕಟ್ಟಿತು!

ಬೇಸಿಗೆಯಲ್ಲಿ ಈ ದಡ ಕರಗಿ ಕೆಸರಿನ ತೊರೆಗಳಾಗಿ ನದಿಗೆ ಇಳಿಯುತ್ತದೆ. ಆ ನೀರಿನಲ್ಲಿ ಕರಗಿರುವ ಇಂಗಾಲ 20,000 ವರ್ಷಕ್ಕೂ ಹಳೆಯದು. ಅಷ್ಟು ಹಳೆಯದರಲ್ಲಿ ಸೂಕ್ಷ್ಮಜೀವಿಗಳಿಗೆ ತಿನ್ನಲು ಏನು ಉಳಿದೀತು? ವಿಜ್ಞಾನಿ ಯೊರೀನ್ ವೊಂಕ್ ಮತ್ತು ಸಂಗಡಿಗರು ತೊರೆಯ ನೀರನ್ನು ಹಿಡಿದಿಟ್ಟು ಪರೀಕ್ಷಿಸಿದರು. 2013ರಲ್ಲಿ ಬಂದ ಉತ್ತರ ಬೆರಗು ಹುಟ್ಟಿಸುವಂಥದ್ದು: ಬರೀ 14 ದಿನಗಳಲ್ಲಿ ಕರಗಿದ ಸಾವಯವ ಇಂಗಾಲದ ಶೇ. 34ರವರೆಗೆ ಖಾಲಿ! ಮ್ಯಾಮತ್‌ಗಳು ಮೇಯುತ್ತಿದ್ದ ಕಾಲದಲ್ಲಿ ಹುಲ್ಲು ಗಾಳಿಯಿಂದ ಹೀರಿಕೊಂಡ ಇಂಗಾಲ, ಇವತ್ತಿನ ಸೂಕ್ಷ್ಮಜೀವಿಯ ಉಸಿರಾಗಿ ಮತ್ತೆ ಗಾಳಿಗೆ ಸೇರುತ್ತಿದೆ.

ನದಿಯೆಂದರೆ ನೆಲದ ಇಂಗಾಲವನ್ನು ಕಡಲಿಗೆ ಮುಟ್ಟಿಸುವ ಕಾಲುವೆ ಎಂದೇ ಬಹುಕಾಲ ಲೆಕ್ಕ ಹಾಕಿದ್ದರು. ಆದರೆ ನದಿ ದಾರಿಯುದ್ದಕ್ಕೂ ಉಸಿರಾಡುತ್ತದೆ! ಜಗತ್ತಿನ ಹೊಳೆ, ತೊರೆಗಳು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ವರ್ಷಕ್ಕೆ ಸುಮಾರು 180 ಕೋಟಿ ಟನ್ ಇಂಗಾಲವನ್ನು ಗಾಳಿಗೆ ಬಿಡುತ್ತವೆ ಎಂಬ ಅಂದಾಜು ಬಂದದ್ದೂ 2013ರಲ್ಲೇ.

ಕೊಲಿಮಾ ಕಡಲು ಸೇರುವಲ್ಲಿ ನೀರು ತೆಗೆದು ನೋಡಿದರೆ ಕರಗಿದ ಇಂಗಾಲ ಬಹುಪಾಲು ಹೊಸದೇ. ಹಳೆಯದರಲ್ಲಿ ಬಹಳಷ್ಟು ದಾರಿಯಲ್ಲೇ ತೀರಿಹೋಗಿರುತ್ತದೆ. ಉತ್ತರದ ಹೆಪ್ಪುನೆಲದಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲವಿದೆ, ಅಂದರೆ ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಆ ನೆಲ ಕರಗುವುದನ್ನು ಅಳೆಯಬೇಕಾದ ಜಾಗ ನದಿಯ ಮುಖವಲ್ಲ, ಹೆಸರೂ ಇಲ್ಲದ ಆ ಕೆಸರು ತೊರೆಗಳು.